ಕ್ಯಾಪ್ ತೆಗೆದು ಮಾತಾಡೋಣ

ಭಾಗ 1/10

ಮೊದಲನೇ ಫೋಟೋ: ಎರಡನೇ ವರ್ಷದ ಎಥ್ನಿಕ್ ಡೇ. ಇಡೀ ಕ್ಲಾಸು ಪಂಚೆ, ಸೀರೆ. ನಾನೂ ಪಂಚೆ ಉಟ್ಟಿದ್ದೀನಿ, ಶಲ್ಯ ಹೊದ್ದಿದ್ದೀನಿ, ತಲೆ ಮೇಲೆ ಮಾತ್ರ ಕಪ್ಪು ಕ್ಯಾಪು. "ಏನ್ ಮಗಾ, ಹೊಸ ಸ್ಟೈಲು!" ಅಂತ ನೀವೆಲ್ಲ ಕಾಮೆಂಟ್ ಹಾಕಿದ್ರಿ. ನಾನು ಬೆಂಕಿ ಎಮೋಜಿ ಹಾಕಿ ಸುಮ್ಮನಾದೆ.

ಸ್ಟೈಲ್ ಅಲ್ಲ ಅದು. ಹಣೆಯ ಎರಡೂ ಮೂಲೆಯಿಂದ ಕೂದಲು ಹಿಂದಕ್ಕೆ ಸರಿಯೋಕೆ ಶುರುವಾಗಿ ಆಗಲೇ ಒಂದು ವರ್ಷ ಆಗಿತ್ತು. ನೆತ್ತಿ ಮೇಲೆ ಟ್ಯೂಬ್‌ಲೈಟ್ ಬೆಳಕು ಬಿದ್ರೆ ಚರ್ಮ ಕಾಣ್ತಿತ್ತು. ಅದಕ್ಕೇ ನಾನು ಕ್ಲಾಸಲ್ಲಿ ಯಾವಾಗಲೂ ಕೊನೇ ಬೆಂಚು. ಹಿಂದೆ ಯಾರೂ ಇರಬಾರದು ಅಂತ.

ಪಕ್ಕಕ್ಕೆ ಸರಿಸಿ. ಎರಡನೇ ಫೋಟೋ ನಿನ್ನೆ ತೆಗೆದಿದ್ದು. ಕ್ಯಾಪ್ ಇಲ್ಲ, ಫಿಲ್ಟರ್ ಇಲ್ಲ. ಇದೇ ನನ್ನ ತಲೆ. 21 ವರ್ಷ.

ಈ ಹತ್ತು ಪೋಸ್ಟಲ್ಲಿ ನಾನು ಹೇಳೋಕೆ ಹೊರಟಿರೋದು ಒಂದೇ ಮಾತು. ಕೂದಲು ಉಳಿಸ್ಕೊಳ್ಳೋಕೆ ಔಷಧಿ ಹಚ್ಚೋದು ತಪ್ಪಲ್ಲ. ಏನೂ ಹಚ್ಚದೆ ಹಾಗೇ ಬಿಡೋದೂ ತಪ್ಪಲ್ಲ. ತಪ್ಪಿರೋದು ಗುಟ್ಟಲ್ಲಿ. ನಾಚಿಕೆಗೆ ಯಾರನ್ನೂ ಕೇಳದೆ, ಬಾಗಿಲು ಹಾಕ್ಕೊಂಡು, ರಾತ್ರಿ ಹನ್ನೆರಡಕ್ಕೆ ರೀಲ್ಸ್ ನೋಡಿ ಆರ್ಡರ್ ಮಾಡ್ತೀವಲ್ಲ, ನಮ್ಮ ದುಡ್ಡು ಹೋಗೋದೂ ಅಲ್ಲೇ, ಆರೋಗ್ಯ ಹಾಳಾಗೋದೂ ಅಲ್ಲೇ.

ನಾನು ಡಾಕ್ಟರ್ ಅಲ್ಲ. ಬಿ.ಫಾರ್ಮ ಮೂರನೇ ವರ್ಷದ ಹುಡುಗ. ಔಷಧಿ ಓದೋನೇ ಇಷ್ಟು ತಪ್ಪು ಮಾಡಿದ್ದೀನಿ ಅಂದ್ರೆ, ಓದದೇ ಇರೋರ ಗತಿ ಏನು ಅಂತ ಯೋಚನೆ ಬಂತು. ಅದಕ್ಕೆ ಬರೀತಿದ್ದೀನಿ.

ಭಾಗ 2/10

ಫೋಟೋ: ನಮ್ಮಪ್ಪಾಜಿ, ಅಡಿಕೆ ತೋಟದಲ್ಲಿ. ತಲೆಗೆ ಟವೆಲ್ ಸುತ್ತಿದ್ದಾರೆ. ಟವೆಲ್ ಒಳಗೆ ಏನಿದೆ ಅಂತ ನಿಮಗೆ ಗೊತ್ತಾಗಿರಬೇಕು.

ನಮ್ಮದು ಚನ್ನಗಿರಿ ಕಡೆ ಹಳ್ಳಿ. ಅಪ್ಪಾಜಿಗೆ ಮೂವತ್ತಕ್ಕೆಲ್ಲ ನೆತ್ತಿ ಖಾಲಿ. ಅಜ್ಜನಿಗೂ ಹಾಗೇ. ಅಮ್ಮನ ಕಡೆ ದೊಡ್ಡ ಮಾವನಿಗೂ ಹಾಗೇ. "ಬೊಕ್ಕತಲೆ ತಾಯಿ ಕಡೆಯಿಂದ ಬರುತ್ತೆ" ಅನ್ನೋ ಮಾತು ನೀವೂ ಕೇಳಿರ್ತೀರಿ. ಅರ್ಧ ನಿಜ. ಇದರಲ್ಲಿ ಮುಖ್ಯವಾದ ಒಂದು ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡುಮಕ್ಕಳಿಗೆ ಅದು ಅಮ್ಮನಿಂದಲೇ ಬರೋದು. ಆದ್ರೆ ಅದೊಂದೇ ಅಲ್ಲ, ಬೇರೆ ಜೀನ್‌ಗಳು ಬೇಕಾದಷ್ಟಿವೆ, ಅವು ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬರುತ್ವೆ. ಹಾಗಾಗಿ ಅಮ್ಮನಿಗೂ ಬೈಯೋ ಹಾಗಿಲ್ಲ, ಅಪ್ಪನಿಗೂ ಬೈಯೋ ಹಾಗಿಲ್ಲ.

ಒಳಗೆ ಆಗೋದು ಇಷ್ಟು. ನಮ್ಮ ಮೈಯಲ್ಲಿ ಟೆಸ್ಟೋಸ್ಟೆರಾನ್ ಅನ್ನೋ ಹಾರ್ಮೋನ್ ಇದೆ. ಒಂದು ಕಿಣ್ವ ಅದರಲ್ಲಿ ಸ್ವಲ್ಪವನ್ನ ಡಿಎಚ್‌ಟಿ ಅನ್ನೋ ಇನ್ನೊಂದು ಹಾರ್ಮೋನಾಗಿ ಬದಲಾಯಿಸುತ್ತೆ. ಕೆಲವರ ಹಣೆ ಮತ್ತು ನೆತ್ತಿಯ ಕೂದಲಿನ ಬುಡಗಳಿಗೆ ಈ ಡಿಎಚ್‌ಟಿ ಆಗಿಬರಲ್ಲ. ಬುಡ ಪ್ರತಿ ಸುತ್ತಿನಲ್ಲೂ ಸಣ್ಣದಾಗುತ್ತಾ ಹೋಗುತ್ತೆ. ದಪ್ಪ ಕೂದಲು ಹುಟ್ಟೋ ಜಾಗದಲ್ಲಿ ತೆಳ್ಳಗಿನ ಕೂದಲು, ಆಮೇಲೆ ಹತ್ತಿಯ ಎಳೆ ಥರದ್ದು, ಆಮೇಲೆ ಕಣ್ಣಿಗೆ ಕಾಣದಷ್ಟು. ತಲೆಯ ಹಿಂಭಾಗ, ಕಿವಿ ಮೇಲಿನ ಭಾಗಕ್ಕೆ ಈ ತೊಂದರೆ ಅಷ್ಟಾಗಿ ಇಲ್ಲ. ಅದಕ್ಕೇ ಅಪ್ಪಾಜಿ ತಲೆಯಲ್ಲಿ ಸುತ್ತಲೂ ಬೇಲಿ ಇದೆ, ಮಧ್ಯೆ ಮಾತ್ರ ಬಯಲು.

ಇದು ಕಾಯಿಲೆ ಅಲ್ಲ. ಅಂಟೋದೂ ಅಲ್ಲ. "ಅದು" ಜಾಸ್ತಿ ಮಾಡಿದ್ರೆ ಉದುರುತ್ತೆ ಅಂತ ಹಾಸ್ಟೆಲಲ್ಲಿ ಹೇಳ್ತಾರಲ್ಲ, ಅದು ಶುದ್ಧ ಸುಳ್ಳು. ಈ ಸುಳ್ಳಿಗೆ ಹೆದರಿ ಎಷ್ಟು ಹುಡುಗರು ತಮ್ಮದೇ ತಪ್ಪು ಅಂದ್ಕೊಂಡು ಒಳಗೊಳಗೇ ಕೊರಗ್ತಾರೋ.

ಭಾಗ 3/10

ಫೋಟೋ: ಹಾಸ್ಟೆಲ್ ಬಾತ್‌ರೂಮಿನ ಬಕೆಟ್. ಅಂಚಲ್ಲಿ ಬಿಳಿ ಉಪ್ಪು ಕಟ್ಟಿದೆ.

"ಊರಲ್ಲಿ ಚೆನ್ನಾಗೇ ಇತ್ತು ಮಗಾ, ಇಲ್ಲಿಗೆ ಬಂದ ಮೇಲೆ ಉದುರೋಕೆ ಶುರು. ನೀರು ಸರಿ ಇಲ್ಲ." ಈ ಮಾತು ನೀವು ಹೇಳಿದ್ದೀರಿ, ನಾನೂ ಹೇಳಿದ್ದೀನಿ. ಬೆಂಗಳೂರಿಗೆ ಹೋದೋರೂ ಇದನ್ನೇ ಹೇಳ್ತಾರೆ.

ಸ್ವಲ್ಪ ಲೆಕ್ಕ ಹಾಕಿ. ನಾವು ಊರು ಬಿಟ್ಟು ಹಾಸ್ಟೆಲ್ ಸೇರೋದು ಯಾವಾಗ? ಹದಿನೆಂಟಕ್ಕೆ. ಆನುವಂಶಿಕವಾಗಿ ಕೂದಲು ಉದುರೋದು ಬೇಗ ಬರೋರಿಗೆ ಶುರುವಾಗೋದು ಯಾವಾಗ? ಅದೇ ಹೊತ್ತಿಗೆ, ಮೈ ಬಲಿತ ಮೇಲೆ. ಎರಡೂ ಒಟ್ಟಿಗೆ ಬಂತು, ಪಾಪದ ಬಕೆಟ್ ಮೇಲೆ ಆರೋಪ ಬಂತು. ನೀರೇ ಕಾರಣ ಆಗಿದ್ರೆ ಅದೇ ನೀರಲ್ಲಿ ಮೀಯೋ ನನ್ನ ರೂಮ್‌ಮೇಟಿಗೂ ಉದುರಬೇಕಿತ್ತು. ಅವನ ತಲೆ ನೋಡಿದ್ದೀರಲ್ಲ, ಬಾಚಣಿಗೆ ಮುರಿಯುತ್ತೆ.

ಗಡಸು ನೀರಿಂದ ಕೂದಲು ಒರಟಾಗಬಹುದು, ಸಿಕ್ಕಾಗಬಹುದು. ಆದ್ರೆ ಅದು ಹಣೆಯ ಮೂಲೆ ಮತ್ತು ನೆತ್ತಿಯನ್ನ ಮಾತ್ರ ಹುಡುಕ್ಕೊಂಡು ಹೋಗಿ ಬುಡ ಸಣ್ಣ ಮಾಡಲ್ಲ. ಹೆಲ್ಮೆಟ್ಟೂ ಅಷ್ಟೇ. ದಯವಿಟ್ಟು ಕೂದಲಿನ ಹೆಸರು ಹೇಳಿ ಹೆಲ್ಮೆಟ್ ಬಿಡಬೇಡಿ. ತಲೆ ಇದ್ರೆ ತಾನೆ ಕೂದಲಿನ ಮಾತು.

ಕಾರಣ ಯಾಕೆ ಮುಖ್ಯ ಅಂದ್ರೆ, ನಾವು ಕೊಳ್ಳೋದು ಕಾರಣ ನೋಡಿ. ನೀರು ಅಂದ್ಕೊಂಡವನು ಶವರ್ ಫಿಲ್ಟರ್ ಕೊಳ್ತಾನೆ. ಒಣಗಿದೆ ಅಂದ್ಕೊಂಡವನು ಎಣ್ಣೆ ಕೊಳ್ತಾನೆ. ವಿಟಮಿನ್ ಇಲ್ಲ ಅಂದ್ಕೊಂಡವನು ಗಮ್ಮಿ ತಿಂತಾನೆ. ಮೂರೂ ಕೊಂಡವನು ನಾನು.

ಭಾಗ 4/10

ಫೋಟೋ: ನನ್ನ ಟ್ರಂಕಿನ ತಳ. ಖಾಲಿ ಬಾಟಲಿ ಒಂಬತ್ತು. ಎಣಿಸಿ ನೋಡಿ. ಹೆಸರು ಕಾಣದ ಹಾಗೆ ತಿರುಗಿಸಿ ಇಟ್ಟಿದ್ದೀನಿ, ಯಾರಿಗೂ ಪುಕ್ಕಟೆ ಪ್ರಚಾರ ಬೇಡ.

ಸ್ಕಾಲರ್‌ಶಿಪ್ ದುಡ್ಡು ಬಂದ ವಾರ ಒಂದು "ಕಿಟ್" ತರಿಸಿದ್ದೆ. ಎಣ್ಣೆ, ಶಾಂಪೂ, ಸೀರಂ, ಬಯೋಟಿನ್ ಮಾತ್ರೆ. "90 ದಿನದಲ್ಲಿ ಹೊಸ ಕೂದಲು" ಅಂತ ಇತ್ತು. 90 ದಿನ ಆದಮೇಲೆ ಕೇಳಿದ್ರೆ "ಇನ್ನೊಂದು ಕಿಟ್ ಬೇಕಾಗುತ್ತೆ ಸರ್" ಅಂದ್ರು. ತರಿಸಿದೆ. ಆ ಸೆಮಿಸ್ಟರ್ ಪುಸ್ತಕಕ್ಕೆ ಅಂತ ಅಪ್ಪಾಜಿ ಹತ್ರ ಮತ್ತೆ ದುಡ್ಡು ಕೇಳಿದೆ. ಯಾಕೆ ಅಂತ ಅವರು ಕೇಳಲಿಲ್ಲ. ಅದೇ ಇವತ್ತಿಗೂ ಚುಚ್ಚೋದು.

ಆಮೇಲೆ ಕ್ಲಾಸಲ್ಲಿ ಔಷಧ ಕಾನೂನಿನ ಪಾಠ ಬಂತು. 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಯಾವ ಔಷಧವೂ "ನಾನು ಇದನ್ನ ವಾಸಿ ಮಾಡ್ತೀನಿ" ಅಂತ ಹೇಳ್ಕೊಳ್ಳಬಾರದ ಕಾಯಿಲೆಗಳ ಪಟ್ಟಿ ಅದು. ಕ್ಯಾನ್ಸರ್, ಕುರುಡುತನದ ಜೊತೆಗೆ ಬೊಕ್ಕತಲೆಯೂ ಅಲ್ಲಿದೆ. ಪುಸ್ತಕದಲ್ಲಿ ಆ ಪದ ನೋಡಿ ನಗು ಬಂತು, ಅಳುವೂ ಬಂತು. ನಾನು ಹುಟ್ಟೋಕೆ ಎಷ್ಟೋ ಮೊದಲೇ ಸರ್ಕಾರಕ್ಕೆ ಗೊತ್ತಿತ್ತು, ಈ ವಿಷಯದಲ್ಲಿ ಜನ ಮೋಸ ಹೋಗ್ತಾರೆ ಅಂತ.

ಬಯೋಟಿನ್ ಬಗ್ಗೆ ಒಂದು ಮಾತು. ಮೈಯಲ್ಲಿ ಬಯೋಟಿನ್ ಕೊರತೆ ಇದ್ದೋರಿಗೆ ಅದು ಬೇಕು, ಅಂಥ ಕೊರತೆ ಅಪರೂಪ. ಡೋಸ್ ಜಾಸ್ತಿಯಾದ್ರೆ ಥೈರಾಯ್ಡ್ ಥರದ ರಕ್ತಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು. ಪರೀಕ್ಷೆಗೆ ಹೋಗೋವಾಗ ತಗೊಳ್ತಿದ್ದೀನಿ ಅಂತ ಹೇಳಿ.

ಇನ್ನು ಎಣ್ಣೆ. ಹುಣಸೂರು ಕಡೆ ಹಕ್ಕಿಪಿಕ್ಕಿ ಜನ ಮಾಡೋ ಎಣ್ಣೆಯ ರೀಲ್ಸ್ ದೇಶಕ್ಕೆಲ್ಲ ಗೊತ್ತು. ಆ ಜನ ಕಷ್ಟದಿಂದ ಕಟ್ಕೊಂಡ ಬದುಕಿನ ಬಗ್ಗೆ ನನಗೆ ಗೌರವ ಇದೆ. ಆದ್ರೆ ಯಾವ ಎಣ್ಣೆಯಾದ್ರೂ ಸರಿ, ಎಷ್ಟು ಲಕ್ಷ ವ್ಯೂಸ್ ಬಂತು ಅನ್ನೋದು ಪುರಾವೆ ಅಲ್ಲ. ಉದ್ದ ಜಡೆ ಇರೋರ ಮನೆಯಲ್ಲಿ ಉದ್ದ ಜಡೆಯ ಜೀನೂ ಇರುತ್ತೆ.

ನಮ್ಮಜ್ಜಿ ಗರುಗದ ಸೊಪ್ಪು, ದಾಸವಾಳದ ಎಲೆ ಹಾಕಿ ಕೊಬ್ಬರಿ ಎಣ್ಣೆ ಕಾಯಿಸ್ತಾಳೆ. "ಬಾರೋ ಮಗ" ಅಂತ ಕರೆದು ಮೊಣಕಾಲ ನಡುವೆ ಕೂರಿಸ್ಕೊಂಡು ತಟ್ತಾಳೆ. ಕೊಬ್ಬರಿ ಎಣ್ಣೆಯಿಂದ ಇರೋ ಕೂದಲು ಸವೆಯೋದು ಕಮ್ಮಿ ಆಗುತ್ತೆ, ನಿಜ. ಡಿಎಚ್‌ಟಿಯ ದಾರಿಗೆ ಅದು ಅಡ್ಡ ಬರಲ್ಲ. ಆದ್ರೂ ಆ ಎಣ್ಣೆ ನಾನು ಬಿಟ್ಟಿಲ್ಲ, ಬಿಡೋದೂ ಇಲ್ಲ. ಅದು ಅಜ್ಜಿಗೋಸ್ಕರ.

ಭಾಗ 5/10

ಫೋಟೋ: ಜಿಲ್ಲಾಸ್ಪತ್ರೆಯ ಒಪಿಡಿ ಚೀಟಿ.

ಕೂದಲು ಉದುರೋದೆಲ್ಲ ಒಂದೇ ಅಲ್ಲ. ಇದನ್ನ ತಿಳಿಯದೆ ಔಷಧಿ ಕೊಂಡ್ರೆ, ಜ್ವರಕ್ಕೆ ಹೊಟ್ಟೆನೋವಿನ ಮಾತ್ರೆ ತಿಂದ ಹಾಗೆ.

ನಮ್ಮ ಬ್ಯಾಚಿನ ಒಬ್ಬನ ಕಥೆ ಹೇಳ್ತೀನಿ, ಅವನನ್ನ ಕೇಳಿಯೇ ಬರೀತಿದ್ದೀನಿ. ಡೆಂಗೀ ಬಂದು ಮಲಗಿದ್ದ. ಎದ್ದು ಎರಡೂವರೆ ತಿಂಗಳಾದ ಮೇಲೆ ತಲೆ ಬಾಚಿದ್ರೆ ಕೈತುಂಬ ಕೂದಲು. ಹೆದರಿ, ನನ್ನ ಥರಾನೇ ಯಾರಿಗೂ ಹೇಳದೆ, ಏನೇನೋ ಹಚ್ಚೋಕೆ ಶುರು ಮಾಡಿದ. ದೊಡ್ಡ ಜ್ವರ, ಆಪರೇಷನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸೋದು, ಇಂಥ ಏಟು ಮೈಗೆ ಬಿದ್ದ ಎರಡು ಮೂರು ತಿಂಗಳಿಗೆ ಕೂದಲು ಒಟ್ಟಿಗೆ ಉದುರುತ್ತೆ. ಕಾರಣ ಹೋದ ಮೇಲೆ ಸಾಮಾನ್ಯವಾಗಿ ತಾನಾಗೇ ವಾಪಸ್ ಬರುತ್ತೆ. ಅವನದೂ ಬಂತು. ಅವನಿಗೆ ಬೇಕಾಗಿದ್ದಿದ್ದು ತಾಳ್ಮೆ ಮತ್ತು ಊಟ, ಅಷ್ಟೇ.

ಹೀಗೆ ಗುರುತಿಟ್ಕೊಳ್ಳಿ:

ದಿನಕ್ಕೆ 50ರಿಂದ 100 ಕೂದಲು ಹೋಗೋದು ಎಲ್ಲರಿಗೂ ಇದ್ದದ್ದೇ.

ನಿಧಾನವಾಗಿ, ವರ್ಷಗಟ್ಟಲೆ, ಹಣೆ ಮೂಲೆ ಅಥವಾ ನೆತ್ತಿ ತೆಳ್ಳಗಾಗ್ತಿದ್ರೆ, ಮನೆಯಲ್ಲೂ ಇದ್ರೆ, ಆನುವಂಶಿಕ ಇರಬಹುದು.

ಇದ್ದಕ್ಕಿದ್ದ ಹಾಗೆ ಇಡೀ ತಲೆಯಿಂದ ಉದುರಿದ್ರೆ, ಹಿಂದಿನ ಮೂರು ತಿಂಗಳು ಏನಾಗಿತ್ತು ಅಂತ ನೆನಪಿಸ್ಕೊಳ್ಳಿ.

ನಾಣ್ಯದ ಹಾಗೆ ದುಂಡಗೆ ಹೋಗಿದ್ರೆ ಊರಲ್ಲಿ "ಹುಳ ತಿಂದಿದೆ" ಅಂತಾರೆ. ಹುಳ ಯಾವುದೂ ಇಲ್ಲ, ಅದು ಬೇರೆಯದೇ ತೊಂದರೆ.

ತಲೆ ಚರ್ಮ ಕೆಂಪಾಗಿದ್ರೆ, ಉರಿ, ಕೀವು, ಹೊಪ್ಪಳೆ ಇದ್ರೆ ಏನೂ ಹಚ್ಚಬೇಡಿ, ಸೀದಾ ಸ್ಕಿನ್ ಡಾಕ್ಟರ್ ಹತ್ರ ಹೋಗಿ.

ನಾನು ಕೊನೆಗೂ ಹೋಗಿದ್ದು ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ. ಸಾಲಲ್ಲಿ ಒಂದೂವರೆ ಗಂಟೆ. ಡಾಕ್ಟರ್ ಮೇಡಂ ಲೆನ್ಸ್ ಇಟ್ಟು ನೋಡಿ, ಐದು ನಿಮಿಷ ಮಾತಾಡಿದ್ರು. ಒಂಬತ್ತು ಬಾಟಲಿ ಹೇಳದೇ ಇದ್ದಿದ್ದನ್ನ ಆ ಐದು ನಿಮಿಷ ಹೇಳ್ತು.

ಭಾಗ 6/10

ಫೋಟೋ: ಡ್ರಾಪರ್, ಒಂದು ಎಂಎಲ್ ಗೆರೆ ತನಕ.

ಚೀಟಿ ಇಲ್ಲದೆ ಜನ ಕೊಳ್ಳೋ ಔಷಧಿಗಳಲ್ಲಿ ಆನುವಂಶಿಕ ಕೂದಲುದುರುವಿಕೆಗೆ ನಿಜವಾಗಿ ಕೆಲಸ ಮಾಡುತ್ತೆ ಅಂತ ಚೆನ್ನಾಗಿ ಸಾಬೀತಾಗಿರೋದು ಒಂದು: ಮಿನಾಕ್ಸಿಡಿಲ್, ತಲೆಗೆ ಹಚ್ಚೋದು.

ಇದರ ಹುಟ್ಟೇ ತಮಾಷೆ. ಮೊದಲು ಇದು ಬಿಪಿ ಮಾತ್ರೆ. ಅಮೆರಿಕದಲ್ಲಿ 1979ರಲ್ಲಿ ಒಪ್ಪಿಗೆ ಸಿಕ್ತು. ನುಂಗಿದ ರೋಗಿಗಳಿಗೆ ಕೆನ್ನೆ, ಕೈ ಎಲ್ಲ ಕಡೆ ಕೂದಲು ಬೆಳೀತು. ಅಡ್ಡಪರಿಣಾಮವನ್ನೇ ಔಷಧಿ ಮಾಡಿದ್ರು. 1988ರಲ್ಲಿ ತಲೆಗೆ ಹಚ್ಚೋ 2% ದ್ರಾವಣ ಬಂತು, 1996ರಿಂದ ಅಲ್ಲಿ ಡಾಕ್ಟರ್ ಚೀಟಿ ಇಲ್ಲದೇ ಸಿಗುತ್ತೆ. ನಮ್ಮ ಕಡೆ ಮೆಡಿಕಲ್ ಶಾಪಲ್ಲಿ ಚೀಟಿ ಕೇಳೋರು ಕಮ್ಮಿ.

ಇದು ಡಿಎಚ್‌ಟಿಯನ್ನ ತಡೆಯಲ್ಲ. ಕೂದಲು ಬೆಳೆಯೋ ಅವಧಿಯನ್ನ ಉದ್ದ ಮಾಡುತ್ತೆ, ಬುಡವನ್ನ ಸ್ವಲ್ಪ ದಪ್ಪ ಮಾಡುತ್ತೆ. ನಮ್ಮ ಕಡೆ ಭಾಷೆಯಲ್ಲಿ ಹೇಳಬೇಕಂದ್ರೆ ತೋಟಕ್ಕೆ ನೀರು ಬಿಟ್ಟ ಹಾಗೆ. ಬಿಟ್ಟಷ್ಟು ದಿನ ಹಸಿರು. ನಿಲ್ಲಿಸಿದ್ರೆ ಮೂರ್ನಾಲ್ಕು ತಿಂಗಳಲ್ಲಿ, ಸಿಕ್ಕಿದ್ದೂ ಹೋಗುತ್ತೆ. ಸತ್ತ ಗಿಡಕ್ಕೆ ನೀರು ಬಿಟ್ರೆ ಚಿಗುರಲ್ಲ, ಪೂರ್ತಿ ನುಣುಪಾದ ಜಾಗದಲ್ಲಿ ಇದು ಪವಾಡ ಮಾಡಲ್ಲ. ನೆತ್ತಿಯಲ್ಲಿ ಕೆಲಸ ಮಾಡಿದಷ್ಟು ಹಣೆ ಮೂಲೆಯಲ್ಲಿ ಮಾಡಲ್ಲ. ಕೆಲವರಿಗೆ ಏನೂ ಆಗೋದೇ ಇಲ್ಲ.

ನನ್ನ ಲೆಕ್ಕ: ಹನ್ನೊಂದು ತಿಂಗಳು. ನೆತ್ತಿ ತೆಳ್ಳಗಾಗೋದು ನಿಂತಿದೆ, ಸ್ವಲ್ಪ ತುಂಬಿದೆ. ಹಣೆ ಮೂಲೆ ಎಲ್ಲಿತ್ತೋ ಅಲ್ಲೇ. ಎರಡನೇ ಫೋಟೋದಲ್ಲಿ ನೀವೇ ನೋಡಿದ್ರಿ. ಇಷ್ಟೇ ಸಿಗೋದು ಅಂತ ಮೊದಲೇ ಗೊತ್ತಿದ್ರೆ ಇಷ್ಟೇ ಸಾಕು ಅನ್ಸುತ್ತೆ. 90 ದಿನದಲ್ಲಿ ಸಿನಿಮಾ ಹೀರೋ ತಲೆ ಸಿಗುತ್ತೆ ಅಂದ್ಕೊಂಡಿದ್ರೆ ಇದೂ ಮೋಸ ಅನ್ಸ್ತಿತ್ತು.

ಭಾಗ 7/10

ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ. ಹಚ್ಚೋಕೆ ಹೊರಟೋರಿಗೆ.

18 ತುಂಬದವರು, ಗರ್ಭಿಣಿಯರು, ಹಾಲುಣಿಸೋ ತಾಯಂದಿರು ಮುಟ್ಟಬೇಡಿ. ಹೃದಯದ ತೊಂದರೆ, ಬಿಪಿ ಮಾತ್ರೆ ಇದ್ರೆ ಡಾಕ್ಟರ್ ಕೇಳದೆ ಬೇಡ.

ಹಚ್ಚೋದು ಕೂದಲಿಗಲ್ಲ, ತಲೆ ಚರ್ಮಕ್ಕೆ. ತಲೆ ಒಣಗಿರಬೇಕು. ಗಂಡಸರಿಗೆ ಸಾಮಾನ್ಯವಾಗಿ ಹೇಳೋದು 5% ದ್ರಾವಣ, ಒಂದು ಸಲಕ್ಕೆ ಒಂದು ಎಂಎಲ್, ದಿನಕ್ಕೆ ಎರಡು ಸಲ. ಎರಡರಷ್ಟು ಸುರಿದ್ರೆ ಎರಡರಷ್ಟು ಕೂದಲು ಬರಲ್ಲ, ಎದೆ ಡವಡವ ಜಾಸ್ತಿ ಆಗಬಹುದು ಅಷ್ಟೇ.

ಹಚ್ಚಿ ನಾಲ್ಕು ಗಂಟೆ ತಲೆ ತೊಳೀಬೇಡಿ. ಕೈ ಮಾತ್ರ ತಕ್ಷಣ ತೊಳೀರಿ. ಒದ್ದೆ ತಲೆಯಲ್ಲಿ ಮಲಗಿದ್ರೆ ದಿಂಬಿನಿಂದ ಮುಖಕ್ಕೆ ಹತ್ತುತ್ತೆ, ಬೇಡದ ಕಡೆ ಕೂದಲು ಬರುತ್ತೆ.

ದ್ರಾವಣದಲ್ಲಿ ಆಲ್ಕೋಹಾಲ್ ಇರುತ್ತೆ. ಹಚ್ಚಿದ ತಕ್ಷಣ ದೀಪ, ಒಲೆ, ಸಿಗರೇಟಿನ ಹತ್ರ ಹೋಗಬೇಡಿ.

ಬೆಕ್ಕು ಸಾಕಿದೋರು ಇದನ್ನ ಎರಡು ಸಲ ಓದಿ. ಮಿನಾಕ್ಸಿಡಿಲ್ ಬೆಕ್ಕಿಗೆ ವಿಷ. ಹಚ್ಚಿದ ತಲೆ, ದಿಂಬು ನೆಕ್ಕಿದ್ರೂ ಸಾಯಬಹುದು.

ಶುರುವಿನ ಎರಡು ತಿಂಗಳು ಕೂದಲು ಇನ್ನೂ ಜಾಸ್ತಿ ಉದುರಬಹುದು. ಹಳೇ ಕೂದಲು ಹೊಸದಕ್ಕೆ ಜಾಗ ಬಿಡ್ತಿರುತ್ತೆ. ಎಷ್ಟೋ ಜನ ಇಲ್ಲೇ ಹೆದರಿ ಬಿಡೋದು. ನಾಲ್ಕು ತಿಂಗಳ ಮೊದಲು ತೀರ್ಮಾನ ಮಾಡಬೇಡಿ, ಆರರಿಂದ ಹನ್ನೆರಡು ತಿಂಗಳಿಗೆ ಗೊತ್ತಾಗುತ್ತೆ. ತಿಂಗಳಿಗೊಂದು ಫೋಟೋ, ಅದೇ ಜಾಗ, ಅದೇ ಬೆಳಕು. ದಿನಾ ಕನ್ನಡಿ ನೋಡಿದ್ರೆ ತಲೆ ಕೆಡುತ್ತೆ, ಕೂದಲು ಬರಲ್ಲ.

ತುರಿಕೆ, ಉರಿ ಜಾಸ್ತಿಯಾದ್ರೆ ದ್ರಾವಣದ ಬದಲು ಫೋಮ್ ಬಗ್ಗೆ ಕೇಳಿ. ಎದೆನೋವು, ತಲೆಸುತ್ತು, ಎದೆಬಡಿತ ಹೆಚ್ಚೋದು, ಕೈಕಾಲು ಊದೋದು, ಇದ್ಯಾವುದಾದ್ರೂ ಕಂಡ್ರೆ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ.

ಕೊನೇದು, ತುಂಬಾ ಮುಖ್ಯ: ಬಾಟಲಿ ಹಿಂದಿನ ಸಣ್ಣಕ್ಷರ ಓದಿ. ಮಿನಾಕ್ಸಿಡಿಲ್ ಜೊತೆ ಫಿನಾಸ್ಟರೈಡ್ ಸೇರಿಸಿದ ಬಾಟಲಿಗಳೂ ಪಕ್ಕಪಕ್ಕದಲ್ಲೇ ಇರುತ್ವೆ, ಹೆಸರೂ ಹೆಚ್ಚುಕಮ್ಮಿ ಒಂದೇ ಥರ. ಅದು ಬೇರೆ ಔಷಧಿ. ಯಾಕೆ ಅಷ್ಟು ಒತ್ತಿ ಹೇಳ್ತಿದ್ದೀನಿ ಅಂತ ಮುಂದಿನ ಪೋಸ್ಟಲ್ಲಿ.

ಭಾಗ 8/10

ಇದಕ್ಕೆ ಫೋಟೋ ಇಲ್ಲ. ಕಪ್ಪು ಬಣ್ಣ ಹಾಕಿದ್ದೀನಿ.

ಫಿನಾಸ್ಟರೈಡ್ ಅಂದ್ರೆ ಡಿಎಚ್‌ಟಿ ಆಗೋ ಆ ಕಿಣ್ವವನ್ನೇ ತಡೆಯೋ ಔಷಧಿ. ಕೆಲಸ ಮಾಡುತ್ತೆ, ಅದರಲ್ಲಿ ಅನುಮಾನ ಇಲ್ಲ. ಪ್ರಾಸ್ಟೇಟ್ ತೊಂದರೆಗೆ 5 ಎಂಜಿ ಮಾತ್ರೆ ಅಮೆರಿಕದಲ್ಲಿ 1992ರಲ್ಲಿ ಬಂತು, ಗಂಡಸರ ಕೂದಲಿಗೆ 1 ಎಂಜಿ ಮಾತ್ರೆ 1997ರಲ್ಲಿ. ನಮ್ಮಲ್ಲಿ ಇದು ಡಾಕ್ಟರ್ ಚೀಟಿ ಮೇಲೆ ಮಾತ್ರ ಕೊಡಬೇಕಾದ ಔಷಧಿ.

ನನಗೆ ಕೊಟ್ಟಿದ್ದು ಡಾಕ್ಟರ್ ಅಲ್ಲ, ಹಾಸ್ಟೆಲ್ ಸೀನಿಯರ್. "5 ಎಂಜಿದು ತಗೊಂಡು ನಾಲ್ಕು ತುಂಡು ಮಾಡು, ಅಗ್ಗ ಆಗುತ್ತೆ" ಅಂದ. ಮಾಡಿದೆ. ಎರಡು ತಿಂಗಳು ನುಂಗಿದೆ. ಎರಡನೇ ತಿಂಗಳಲ್ಲಿ ಮನಸ್ಸು ಮಂಕು. ಯಾರ ಜೊತೆಗೂ ಮಾತು ಬೇಡ, ಊಟ ಬೇಡ. ಮಾತ್ರೆಯಿಂದಲೋ, ಇಂಟರ್ನಲ್ಸ್ ಒತ್ತಡದಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗೋ ದಾರಿಯೇ ಇರಲಿಲ್ಲ, ಯಾಕಂದ್ರೆ ನಾನು ಮಾತ್ರೆ ತಿಂತಿದ್ದೀನಿ ಅಂತ ಯಾರಿಗೂ ಗೊತ್ತಿರಲಿಲ್ಲ. ಲೈಂಗಿಕ ಆಸಕ್ತಿ ಕಮ್ಮಿಯಾಗೋದು, ನಿಮಿರುವಿಕೆಯ ತೊಂದರೆ, ಮನಸ್ಸು ಕುಗ್ಗೋದು ಕೆಲವರಿಗೆ ಆಗುತ್ತೆ. ಆತ್ಮಹತ್ಯೆಯ ಯೋಚನೆ ಈ ಮಾತ್ರೆಯ ಅಡ್ಡಪರಿಣಾಮ ಹೌದು ಅಂತ ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಖಚಿತವಾಗಿ ಹೇಳ್ತು. ಹೆಚ್ಚಿನವರಿಗೆ ಏನೂ ಆಗಲ್ಲ. ಆದ್ರೆ ಆಗೋ ಒಬ್ಬ ಗುಟ್ಟಲ್ಲಿ ತಿಂತಿದ್ರೆ ಅವನನ್ನ ಗಮನಿಸೋರು ಯಾರು?

ಇದಕ್ಕಿಂತ ದೊಡ್ಡದು ಇನ್ನೊಂದು ನಡೀತು. ದೀಪಾವಳಿಗೆ ಊರಿಗೆ ಹೋಗಿದ್ದೆ. ಅಕ್ಕ ಬಾಣಂತನಕ್ಕೆ ಬಂದಿದ್ಲು, ಆರು ತಿಂಗಳು. ನಾನು ಅಡುಗೆಮನೆ ಚಾಕು ತಗೊಂಡು, ಕಟ್ಟೆ ಮೇಲೆ ಮಾತ್ರೆ ತುಂಡು ಮಾಡಿ ಬಂದೆ. ಸ್ವಲ್ಪ ಹೊತ್ತಿಗೆ ಅಕ್ಕ ಅದೇ ಕಟ್ಟೆಯನ್ನ ಬರಿಗೈಯಲ್ಲಿ ಒರೆಸ್ತಿದ್ಲು. "ಏನೋ ಇದು ಪುಡಿ?" ಅಂದ್ಲು. "ತಲೆನೋವಿನ ಮಾತ್ರೆ" ಅಂದೆ.

ರಜೆ ಮುಗಿಸಿ ಬಂದು ಪುಸ್ತಕ ತೆರೆದ್ರೆ ಬರೆದಿತ್ತು: ಗರ್ಭಿಣಿಯರು ಮುರಿದ, ಪುಡಿಯಾದ ಫಿನಾಸ್ಟರೈಡ್ ಮಾತ್ರೆ ಮುಟ್ಟಬಾರದು, ಹೊಟ್ಟೆಯಲ್ಲಿರೋ ಗಂಡುಮಗುವಿನ ಜನನಾಂಗದ ಬೆಳವಣಿಗೆಗೆ ಅಪಾಯ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮರುದಿನ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಅವಳ ಡಾಕ್ಟರಿಗೆ ಹೇಳಿದ್ಲು. ಏನೂ ಆಗಲಿಲ್ಲ. ಹೆಣ್ಣುಮಗು, ಈಗ ಅಂಬೆಗಾಲಿಡ್ತಿದೆ. ಆದ್ರೆ ಏನೂ ಆಗದೇ ಇದ್ದಿದ್ದು ನನ್ನ ಜಾಣತನದಿಂದ ಅಲ್ಲ.

ಈ ಮಾತ್ರೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಡಾಕ್ಟರ್ ಕೇಳಿ, ಮನೆಯಲ್ಲಿ ಒಬ್ಬರಿಗಾದ್ರೂ ಹೇಳಿ, ಶುರು ಮಾಡೋರು ಮಾಡಲಿ. ನಾನು ಮೇಡಂ ಜೊತೆ ಮಾತಾಡಿ ಸದ್ಯಕ್ಕೆ ಬೇಡ ಅಂದ್ಕೊಂಡೆ. ಈಗಾಗಲೇ ತಗೊಳ್ತಿದ್ದು ಮನಸ್ಸು ತೀರಾ ಕುಗ್ಗಿದ್ರೆ ಮಾತ್ರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಭಾಗ 9/10

ಫೋಟೋ: ಒಂದು ಬೈತಲೆ. ಯಾರದು ಅಂತ ಕೇಳಬೇಡಿ.

ಮೊದಲ ಭಾಗ ಹಾಕಿದ ಮೇಲೆ ಹುಡುಗರಿಗಿಂತ ಹುಡುಗಿಯರ ಡಿಎಂ ಜಾಸ್ತಿ ಬಂತು. "ನಮಗೂ ಆಗುತ್ತೆ, ಆದ್ರೆ ನಮಗೆ ಕ್ಯಾಪ್ ಹಾಕೋಕೂ ಆಗಲ್ಲ" ಅಂತ ಒಬ್ಬಳು ಬರೆದಿದ್ಲು.

ಹೌದು, ಹೆಣ್ಣುಮಕ್ಕಳಿಗೂ ಆನುವಂಶಿಕವಾಗಿ ಉದುರುತ್ತೆ. ದಾರಿ ಬೇರೆ. ಹಣೆಯ ಅಂಚು ಸಾಮಾನ್ಯವಾಗಿ ಹಾಗೇ ಇರುತ್ತೆ, ಬೈತಲೆ ಮಾತ್ರ ಅಗಲ ಆಗುತ್ತಾ ಹೋಗುತ್ತೆ, ಜಡೆ ಸಣ್ಣ ಆಗುತ್ತೆ. ಆದ್ರೆ ನಿಮ್ಮ ವಿಷಯದಲ್ಲಿ ಬೇರೆ ಕಾರಣಗಳೂ ಇರೋ ಸಾಧ್ಯತೆ ಇದೆ. ರಕ್ತಹೀನತೆ, ಥೈರಾಯ್ಡ್, ಪಿಸಿಒಎಸ್. ಮುಟ್ಟು ಸರಿಯಾಗಿ ಆಗ್ತಿಲ್ಲ, ಮುಖದಲ್ಲಿ ಕೂದಲು, ಮೊಡವೆ ಜಾಸ್ತಿ ಇದೆ ಅಂದ್ರೆ ಬಾಟಲಿ ಕೊಳ್ಳೋದಲ್ಲ, ಮೊದಲು ರಕ್ತಪರೀಕ್ಷೆ ಮಾಡಿಸಿ. ದಿನಾ ಬಿಗಿಯಾಗಿ ಎಳೆದು ಜುಟ್ಟು ಕಟ್ಟಿದ್ರೆ ಹಣೆ ಅಂಚಿನ ಕೂದಲು ಹೋಗುತ್ತೆ, ಅದಕ್ಕೆ ಔಷಧಿ ಜುಟ್ಟು ಸಡಿಲ ಮಾಡೋದು. ಮಿನಾಕ್ಸಿಡಿಲ್ ಹೆಣ್ಣುಮಕ್ಕಳಿಗೂ ಇದೆ, ಪ್ರಮಾಣ ಬೇರೆ. ಅಣ್ಣನ ಬಾಟಲಿ ಎತ್ಕೊಂಡು ಹಚ್ಚಬೇಡಿ.

ಇಲ್ಲಿ ಗುಟ್ಟು ಇನ್ನೂ ದೊಡ್ಡದು. ಹುಡುಗನ ಬೊಕ್ಕತಲೆಗೆ ಜನ ನಗ್ತಾರೆ, ಹುಡುಗಿಯ ಬೈತಲೆ ಅಗಲ ಆದ್ರೆ ಮನೆಯವರೇ ಮುಚ್ಚಿಡ್ತಾರೆ. "ನೋಡೋಕೆ ಬರೋರಿಗೆ ಗೊತ್ತಾಗಬಾರದು" ಅಂತ ಮೊಳಗಟ್ಟಲೆ ಮಲ್ಲಿಗೆ ಮುಡಿಸ್ತಾರೆ. ಥೈರಾಯ್ಡ್ ಮಾತ್ರೆ ಬೇಕಾದವಳಿಗೆ ಹೂವು ಮುಡಿಸಿ ಏನು ಪ್ರಯೋಜನ? ಮನೆಯಲ್ಲಿ ಕೇಳೋಕೆ ಧೈರ್ಯ ಇಲ್ಲ ಅಂದ್ರೆ ಗೆಳತಿಯೊಬ್ಬಳನ್ನ ಕರ್ಕೊಂಡು ಆಸ್ಪತ್ರೆಗೆ ಹೋಗಿ. ನಾನೂ ಒಬ್ಬನೇ ಹೋಗಲಿಲ್ಲ. ಬಾಚಣಿಗೆ ಮುರಿಯೋ ಕೂದಲಿನ ಆ ರೂಮ್‌ಮೇಟ್ ನನ್ನ ಜೊತೆ ಒಂದೂವರೆ ಗಂಟೆ ಸಾಲಲ್ಲಿ ನಿಂತಿದ್ದ.

ಭಾಗ 10/10

ಕೊನೇ ಫೋಟೋ: ನಾನು, ಅಪ್ಪಾಜಿ. ಇಬ್ಬರ ತಲೆ ಮೇಲೂ ಏನೂ ಇಲ್ಲ, ಎರಡೂ ಅರ್ಥದಲ್ಲಿ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪಾಜಿಗೆ ಕಿಟ್ಟಿನ ದುಡ್ಡಿನ ವಿಷಯ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಅಡಿಕೆ ಸುಲಿಯೋದು ನಿಲ್ಲಿಸಿ, "ನಾನೂ ಮದುವೆಗೆ ಮೊದಲು ಒಬ್ಬ ಪಂಡಿತನ ಹತ್ರ ಎಣ್ಣೆ ತಂದಿದ್ದೆ ಕಣೋ. ನಿಮ್ಮಜ್ಜನಿಗೆ ಗೊತ್ತಾಗದಂಗೆ" ಅಂದ್ರು. ಮೂವತ್ತು ವರ್ಷ ಅವರೂ ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಕೂದಲಿನ ಜೀನ್ ಜೊತೆ ಗುಟ್ಟೂ ಅಪ್ಪನಿಂದ ಮಗನಿಗೆ ಬಂದಿದೆ.

ಔಷಧಿ ಹಚ್ಚದೇ ಇರೋದೂ ಒಂದು ತೀರ್ಮಾನವೇ. ದಿನಾ ಎರಡು ಸಲ, ವರ್ಷಗಟ್ಟಲೆ, ದುಡ್ಡು ಕೊಟ್ಟು ಹಚ್ಚೋದು ನನ್ನ ಕೈಲಾಗಲ್ಲ ಅನ್ನೋರು ಟ್ರಿಮ್ಮರ್ ಹಿಡಿದು ಸಣ್ಣಗೆ ಕತ್ತರಿಸಿಕೊಂಡು ಆರಾಮಾಗಿರಿ. ಬಿಸಿಲಿಗೆ ಟೋಪಿ ಹಾಕಿ, ಮುಚ್ಚಿಡೋಕಲ್ಲ. ಕಸಿ ಮಾಡಿಸೋ ಯೋಚನೆ ಇರೋರು 20, 21ಕ್ಕೆ ಅವಸರ ಮಾಡಬೇಡಿ. ಎಲ್ಲಿ ತನಕ ಹಿಂದಕ್ಕೆ ಹೋಗುತ್ತೆ ಅಂತ ಈಗಲೇ ಗೊತ್ತಾಗಲ್ಲ. ಮುಂದೆ ನೆಟ್ಟ ಕೂದಲು ಉಳಿದು ಅದರ ಹಿಂದಿನದ್ದು ಹೋದ್ರೆ, ತಲೆ ದ್ವೀಪ ಆಗುತ್ತೆ.

ಇನ್ನು ನಗೋರಿಗೆ. "ಮೊಟ್ಟೆ", "ಬಾಂಡ್ಲಿ", "ಏರ್‌ಪೋರ್ಟ್" ಎಲ್ಲ ಕೇಳಿದ್ದೀನಿ. ಬೊಕ್ಕತಲೆಯ ಕನ್ನಡ ಮೇಷ್ಟ್ರ ಮೇಲೆ ಬಂದ "ಒಂದು ಮೊಟ್ಟೆಯ ಕಥೆ" ಸಿನಿಮಾವನ್ನ 2017ರಲ್ಲಿ ಕರ್ನಾಟಕ ಚಪ್ಪಾಳೆ ತಟ್ಟಿ ನೋಡ್ತು. ಹೊರಗೆ ಬಂದು ಪಕ್ಕದವನಿಗೆ ಅದೇ ಹೆಸರಿಟ್ಟು ಕರೀತು. ನಾನೂ ಪಿಯುಸಿಯಲ್ಲಿ ಒಬ್ಬ ಮೇಷ್ಟ್ರಿಗೆ ಹೆಸರಿಟ್ಟಿದ್ದೆ. ಆಗ ನನ್ನ ತಲೆ ತುಂಬಿತ್ತು, ಒಳಗೆ ಏನೂ ಇರಲಿಲ್ಲ. ಸರ್, ನೀವು ಇದನ್ನ ಓದ್ತಿದ್ರೆ ಕ್ಷಮಿಸಿ. ನಿಮ್ಮ ಒಂದು ಜೋಕಿಗೆ ಪಕ್ಕದವನು ಅವತ್ತು ರಾತ್ರಿ ಚಾಕು ಹಿಡಿದು ಮಾತ್ರೆ ತುಂಡು ಮಾಡ್ತಾನೆ ಅಂತ ನಿಮಗೆ ಗೊತ್ತಿರಲ್ಲ. ಈಗ ಗೊತ್ತಾಯ್ತಲ್ಲ.

ಈ ಹತ್ತು ಭಾಗ ಓದಿದ ಜೂನಿಯರ್ ತಮ್ಮನಿಗೆ, ತಂಗಿಗೆ: ಇವತ್ತು ಏನನ್ನೂ ಆರ್ಡರ್ ಮಾಡಬೇಡ. ಮೊದಲು ಒಬ್ಬರಿಗೆ ಹೇಳು. ಅಮ್ಮನಿಗೆ, ಗೆಳೆಯನಿಗೆ, ಯಾರಿಗಾದ್ರೂ. ಆಮೇಲೆ ಒಂದು ಸಲ ಡಾಕ್ಟರಿಗೆ ತೋರಿಸು. ಆಮೇಲೆ ಹಚ್ಚೋದೋ ಬಿಡೋದೋ, ನಿನ್ನಿಷ್ಟ.

ಯಾರೂ ಸಿಗಲಿಲ್ಲ ಅಂದ್ರೆ ನನಗೆ ಡಿಎಂ ಮಾಡು. ಔಷಧಿ ಹೇಳಲ್ಲ. ಜಿಲ್ಲಾಸ್ಪತ್ರೆ ಸಾಲಲ್ಲಿ ಜೊತೆಗೆ ನಿಂತ್ಕೊಳ್ತೀನಿ.

#ಕ್ಯಾಪ್‌ತೆಗೆಯೋಣ #ಗುಟ್ಟುಬೇಡ #ಕೂದಲು #ಹಾಸ್ಟೆಲ್‌ಕಥೆ #ಕನ್ನಡ